ಅನಿಲವನ್ನು ತೊಳೆಯುವ ವಿದ್ಯೆ

(ಬಾನುಲಿ ಭಾಷಣ)

ಬೇಕಾದದ್ದರಿಂದ ಬೇಡವಾದದ್ದನ್ನು ಬೇರ್ಪಡಿಸುವ ಕೆಲಸಕ್ಕೆ ಕನ್ನಡದಲ್ಲಿ ಎಷ್ಟೊಂದು ಕ್ರಿಯಾಪದಗಳಿವೆ! ಮೊರದಲ್ಲಿ ಕೇರುತ್ತೇವೆ, ಕಣದಲ್ಲಿ ಗಾಳಿಗೆ ತೂರುತ್ತೇವೆ, ಹಿಟ್ಟನ್ನು ಜರಡಿ ಹಿಡಿಯುತ್ತೇವೆ, ಅಕ್ಕಿಯನ್ನು ನೀರಿನಲ್ಲಿ ಜಾಲಿಸುತ್ತೇವೆ, ಹಾಲನ್ನು ಸೋಸುತ್ತೇವೆ, ಯಾವುದಕ್ಕೂ ಬಗ್ಗದ ಕಲ್ಲುಹರಳನ್ನು ಕೊನೆಗೆ ಕೈಯಿಂದಲೇ ಆರಿಸುತ್ತೇವೆ. ಈ ಒಂದೊಂದು ಮಾತಿನ ಹಿಂದೆಯೂ ಪದಾರ್ಥಗಳ ಒಂದೊಂದು ಗುಣದ ಅರಿವು ಅಡಗಿದೆ. ತೂರುವವನು ತೂಕದ ವ್ಯತ್ಯಾಸವನ್ನು ನಂಬುತ್ತಾನೆ, ಜರಡಿ ಹಿಡಿಯುವವಳು ಗಾತ್ರದ ವ್ಯತ್ಯಾಸವನ್ನು ನಂಬುತ್ತಾಳೆ. ಆದರೆ ಬೇರ್ಪಡಿಸಬೇಕಾದ ಎರಡು ವಸ್ತುಗಳೂ ಕಣ್ಣಿಗೆ ಕಾಣದ, ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲಗಳಾದರೆ ಏನು ಮಾಡಬೇಕು? ಈ ಹೊತ್ತು ನಾನು ಹೇಳಹೊರಟಿರುವುದು ಅಂಥ ಒಂದು ಕೆಲಸದ ವಿಚಾರ. ಸಗಣಿಯಿಂದಲೂ ಊರಿನ ಹಸಿ ಕಸದಿಂದಲೂ ಹುಟ್ಟುವ ಅನಿಲದಲ್ಲಿ ಉರಿಯುವ ಭಾಗವನ್ನು ಉಳಿಸಿಕೊಂಡು ಉರಿಯದ ಭಾಗವನ್ನು ಹೊರಹಾಕುವುದು ಹೇಗೆ, ಹಾಕಲೇಬೇಕೆ, ಹಾಕಿದರೆ ಆಗುವ ಲಾಭವೇನು ಎಂಬುದು.

ಜೌಗುನೆಲದ ಕೆಸರನ್ನು ಕೋಲಿನಿಂದ ಕಲಕಿದಾಗ ಮೇಲೇಳುವ ಗುಳ್ಳೆಗಳಲ್ಲಿ ಉರಿಯುವ ವಾಯುವಿದೆ ಎಂಬುದನ್ನು 1776ರಲ್ಲಿ ಇಟಲಿಯ ಮಾಜೋರೆ ಸರೋವರದ ದಡದಲ್ಲಿ ಅಲೆಸ್ಸಾಂಡ್ರೋ ವೋಲ್ಟಾ ಕಂಡುಕೊಂಡನು. ಮುಂದೆ ವಿದ್ಯುತ್ ಕೋಶವನ್ನು ರಚಿಸಿ ಪ್ರಸಿದ್ಧನಾದ ವೋಲ್ಟಾ ಇವನೇ. ಆ ವಾಯುವಿಗೆ ಈಗ ನಾವು ಮೀಥೇನ್ ಎನ್ನುತ್ತೇವೆ. ಗಾಳಿಯಾಡದ ಕಡೆ ಸಗಣಿ, ಸೊಪ್ಪು, ಎಂಜಲು ಮೊದಲಾದವು ಕೊಳೆಯುವಾಗ ಸೂಕ್ಷ್ಮಜೀವಿಗಳು ಅವನ್ನು ಹಂತಹಂತವಾಗಿ ಒಡೆದು ಕೊನೆಗೆ ಎರಡು ಮುಖ್ಯ ಅನಿಲಗಳನ್ನಾಗಿ ಬಿಟ್ಟುಕೊಡುತ್ತವೆ. ಒಂದು ಮೀಥೇನ್, ಇನ್ನೊಂದು ಇಂಗಾಲದ ಡೈಆಕ್ಸೈಡ್. ನಮ್ಮ ಹಳೆಯ ಪಠ್ಯಪುಸ್ತಕಗಳು ಈ ಎರಡನೆಯದನ್ನು ‘ಇಂಗಾಲಾಮ್ಲ’ ಎಂದು ಕರೆಯುತ್ತಿದ್ದವು. ಆ ಹೆಸರು ಚಿಕ್ಕದಾಗಿಯೂ ಇದೆ. ನೀರಿಗೆ ಸೇರಿದೊಡನೆ ಆಮ್ಲದಂತೆ ವರ್ತಿಸುವ ಅದರ ಸ್ವಭಾವವನ್ನೂ ಹೇಳುತ್ತದೆ. ಅದನ್ನು ಕೈಬಿಟ್ಟದ್ದರಿಂದ ಕನ್ನಡಕ್ಕೆ ನಷ್ಟವೇ ಆಯಿತೆಂದು ನನ್ನ ಅಭಿಪ್ರಾಯ. ಈ ಭಾಷಣದಲ್ಲಿ ನಾನು ಅದನ್ನೇ ಬಳಸುತ್ತೇನೆ.

ನಮ್ಮ ದೇಶದಲ್ಲಿ ಈ ಅನಿಲದ ಚರಿತ್ರೆ ಹೊಸದಲ್ಲ. 1950ರ ದಶಕದಲ್ಲಿ ಜಶಭಾಯಿ ಪಟೇಲರು ಕಬ್ಬಿಣದ ಡೋಲು ಏರಿಳಿಯುವ ಮಾದರಿಯ ಸ್ಥಾವರವನ್ನು ರೂಪಿಸಿದರು. ಖಾದಿ ಗ್ರಾಮೋದ್ಯೋಗ ಆಯೋಗ ಅದನ್ನು ಹಳ್ಳಿಹಳ್ಳಿಗೆ ಒಯ್ದಿತು. 1984ರಲ್ಲಿ ಬಂದ ‘ದೀನಬಂಧು’ ಮಾದರಿಯಲ್ಲಿ ಡೋಲಿನ ಬದಲು ಇಟ್ಟಿಗೆಯ ಗುಮ್ಮಟ ನೆಲದೊಳಗೇ ಸೇರಿಕೊಂಡಿತು. ಮಲೆನಾಡಿನಲ್ಲಿ, ಅದರಲ್ಲಿಯೂ ಶಿರಸಿಯ ಸುತ್ತಿನ ಅಡಿಕೆ ತೋಟಗಳ ಮನೆಗಳಲ್ಲಿ, ಗೋಬರ್ ಗ್ಯಾಸ್ ಒಲೆ ಬಹುಕಾಲದಿಂದ ಅಡುಗೆಮನೆಯ ಅಂಗವಾಗಿಯೇ ಇದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಚಿಕ್ಕ ಹಳ್ಳಿಯಲ್ಲಿ ನಡೆದ ಪ್ರಯೋಗವಂತೂ ವಿದೇಶಗಳಲ್ಲಿಯೂ ಚರ್ಚೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು, ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ, ಅಲ್ಲಿ ಊರಿಗೆಲ್ಲ ಒಂದೇ ಸ್ಥಾವರವನ್ನು ಕಟ್ಟಿದರು. ಮೊದಲು ಅಡುಗೆಗೆಂದು ಯೋಜಿಸಿದ್ದ ಅನಿಲ ಎಲ್ಲ ಒಲೆಗಳಿಗೂ ಸಾಲದಾಯಿತು. ಆಗ ಅವರು ಹಠ ಹಿಡಿಯದೆ ಊರಿನ ಜನರನ್ನೇ ವಿಚಾರಿಸಿ, 1987ರಿಂದ ಆ ಅನಿಲವನ್ನು ಡೀಸೆಲ್ ಜೊತೆಗೆ ಎಂಜಿನ್ನಿಗೆ ಕೊಟ್ಟು ಕೊಳವೆಬಾವಿಯಿಂದ ನೀರೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಸಗಣಿಯ ಪ್ರಮಾಣಕ್ಕೆ ತಕ್ಕಂತೆ ಗೊಬ್ಬರದ ಬಗ್ಗಡ ಹಿಂದಿರುಗುತ್ತಿತ್ತು, ಜೊತೆಗೆ ಅಲ್ಪಸ್ವಲ್ಪ ಕೂಲಿಯೂ ಸಿಗುತ್ತಿತ್ತು. ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಗಮನಿಸಬೇಕಾದದ್ದೇನೆಂದರೆ, ಪುರದ ಎಂಜಿನ್ನಿಗಾಗಲಿ ಶಿರಸಿಯ ಒಲೆಗಾಗಲಿ ಇಂಗಾಲಾಮ್ಲವನ್ನು ತೆಗೆಯುವ ಗೊಡವೆಯೇ ಇರಲಿಲ್ಲ. ಗುಂಡಿಯಿಂದ ಹೊರಬರುವ 100 ಲೀಟರ್ ಅನಿಲದಲ್ಲಿ 55ರಿಂದ 65 ಲೀಟರ್ ಮೀಥೇನ್. ಉಳಿದದ್ದು ಬಹುಪಾಲು ಇಂಗಾಲಾಮ್ಲ. ಅದರ ಜೊತೆಗೆ ನೀರಿನ ಆವಿ, ಕೊಳೆತ ಮೊಟ್ಟೆಯ ನಾತವುಳ್ಳ ಹೈಡ್ರೊಜನ್ ಸಲ್ಫೈಡ್ ಸ್ವಲ್ಪ. ಒಲೆ ಗುಂಡಿಯ ಪಕ್ಕದಲ್ಲಿಯೇ ಇರುವಾಗ ಈ ಬೆರಕೆಯಿಂದ ತೊಂದರೆಯಿಲ್ಲ. ಒಲೆಯ ಬರ್ನರಿನ ರಂಧ್ರವನ್ನು ಸ್ವಲ್ಪ ದೊಡ್ಡದಾಗಿ ಕೊರೆದರೆ ಅನ್ನವೂ ಬೇಯುತ್ತದೆ, ಸಾರೂ ಕುದಿಯುತ್ತದೆ. ನನ್ನ ತಮ್ಮನ ಮಗಳು ತೋಟದ ಮನೆಯಲ್ಲಿ ಇಂಥ ಒಲೆಯನ್ನು ದಿನವೂ ಹಚ್ಚುವವಳು. ನಾನು ಈ ಶುದ್ಧೀಕರಣದ ಮಾತೆತ್ತಿದಾಗ ಅವಳು, “ಒಲೆ ನೀಲಿಯಾಗಿ ಉರಿಯುತ್ತಿದೆಯಲ್ಲ ದೊಡ್ಡಪ್ಪ, ಇನ್ನೇನು ಶುದ್ಧ ಮಾಡುವುದು?” ಎಂದು ಕೇಳಿದಳು. ಅವಳ ಒಲೆಯ ಮಟ್ಟಿಗೆ ಆ ಪ್ರಶ್ನೆಯೇ ಉತ್ತರವೂ ಹೌದು.

ಅನಿಲವನ್ನು ಗುಂಡಿಯಿಂದ ದೂರ ಒಯ್ಯಬೇಕೆಂದಾಗ ಕಷ್ಟ ಶುರುವಾಗುತ್ತದೆ. ಪೇಟೆಯಿಂದ ಬರುವ ಅಡುಗೆ ಅನಿಲದ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಇವು ಸಾಧಾರಣ ಒತ್ತಡಕ್ಕೇ ದ್ರವವಾಗಿಬಿಡುತ್ತವೆ. ಆದ್ದರಿಂದ ಒಂದು ಸಿಲಿಂಡರಿನಲ್ಲಿ ತಿಂಗಳಿಗಾಗುವಷ್ಟು ಇಂಧನ ಹಿಡಿಸುತ್ತದೆ. ಮೀಥೇನ್ ಹಾಗಲ್ಲ. ಸೊನ್ನೆಗಿಂತ 82 ಡಿಗ್ರಿ ಸೆಂಟಿಗ್ರೇಡಿಗೂ ಕೆಳಗೆ ತಣಿಸದ ಹೊರತು ಎಷ್ಟೇ ಒತ್ತಿದರೂ ಅದು ದ್ರವವಾಗಲು ಒಪ್ಪುವುದಿಲ್ಲ. ಹೀಗಾಗಿ ಅದನ್ನು ವಾತಾವರಣದ 200 ಪಟ್ಟಿಗಿಂತ ಹೆಚ್ಚಿನ ಒತ್ತಡದಲ್ಲಿ ಗಟ್ಟಿ ಸಿಲಿಂಡರಿಗೆ ತುರುಕಬೇಕು. ಬಸ್ಸು ಆಟೋಗಳಲ್ಲಿ ಸಿ.ಎನ್.ಜಿ. ಎಂದು ನಾವು ಕಾಣುವುದು ಇದನ್ನೇ. ಈಗ ಗುಂಡಿಯ ಅನಿಲವನ್ನು ಇದ್ದ ಹಾಗೆಯೇ ತುರುಕಿದೆವೆನ್ನಿ. ಅಳತೆಯಲ್ಲಿ ಇಂಗಾಲಾಮ್ಲ ನೂರಕ್ಕೆ 40 ಇರಬಹುದು. ಆದರೆ ಅದರ ಅಣು ಮೀಥೇನಿನ ಅಣುವಿಗಿಂತ ಎರಡೂಮುಕ್ಕಾಲು ಪಟ್ಟು ಭಾರ. ತೂಕ ಹಾಕಿ ನೋಡಿದರೆ 10 ಕಿಲೋ ಅನಿಲದಲ್ಲಿ ಸುಮಾರು ಆರೂವರೆ ಕಿಲೋ ಉರಿಯದ ಪದಾರ್ಥವೇ ಆಗಿರುತ್ತದೆ! ಬೆಂಕಿಯನ್ನು ಆರಿಸಲು ಬಳಸುವ ವಾಯುವನ್ನು ಇಂಧನವೆಂದು ಹೊತ್ತು ತಿರುಗಿದಂತಾಯಿತು. ಸಾಲದ್ದಕ್ಕೆ ತೇವದೊಡನೆ ಕೂಡಿ ಅದು ಸಿಲಿಂಡರಿನ ಒಳಮೈಯನ್ನು ತಿನ್ನುತ್ತದೆ. ಶುದ್ಧ ಮೀಥೇನ್ ಒಂದು ಘನಮೀಟರಿಗೆ ಸುಮಾರು 8,500 ಕಿಲೋಕ್ಯಾಲೊರಿ ಶಾಖ ಕೊಟ್ಟರೆ ಗುಂಡಿಯ ಅನಿಲ ಕೊಡುವುದು 5,000ದ ಆಸುಪಾಸು.

ತೆಗೆಯುವುದು ಹೇಗೆ? ಮೊದಲು ಆ ನಾತದ ಅನಿಲವನ್ನು ತೆಗೆಯಬೇಕು. ಅದು ಅಳತೆಯಲ್ಲಿ ಅಲ್ಪವಾದರೂ ಲೋಹಕ್ಕೆ ಶತ್ರು, ಉಸಿರಾಟಕ್ಕೆ ವಿಷ. ಇದಕ್ಕೆ ಕಬ್ಬಿಣದ ತುಕ್ಕೇ ಮದ್ದು. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ತುಂಬಿದ ಪೆಟ್ಟಿಗೆಯ ಮೂಲಕ ಅನಿಲವನ್ನು ಹಾಯಿಸಿದರೆ ಗಂಧಕದ ಅಂಶ ತುಕ್ಕಿಗೆ ಅಂಟಿಕೊಳ್ಳುತ್ತದೆ. ಆ ಚೂರುಗಳನ್ನು ಹೊರತೆಗೆದು ಗಾಳಿಗೆ ಹರಡಿದರೆ ಮತ್ತೆ ತುಕ್ಕಾಗಿ ಇನ್ನಷ್ಟು ಕಾಲ ಕೆಲಸಕ್ಕೆ ಬರುತ್ತವೆ.

ಇಂಗಾಲಾಮ್ಲಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಸುಣ್ಣ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತಾಗುವುದನ್ನು ಶಾಲೆಯಲ್ಲಿ ಕಂಡಿದ್ದೇವೆ. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಈ ವಾಯುವನ್ನು ಗುರುತಿಸಿದ್ದರಲ್ಲಿಯೂ ಸುಣ್ಣದ ಪಾತ್ರ ದೊಡ್ಡದು. ಗೋಡೆಗೆ ಬಳಿದ ಸುಣ್ಣ ದಿನಕಳೆದಂತೆ ಗಟ್ಟಿಯಾಗುವುದೂ ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಅದು ಹೀರಿಕೊಳ್ಳುವುದರಿಂದಲೇ. ಹಾಗಾದರೆ ಅನಿಲವನ್ನು ಸುಣ್ಣದ ನೀರಿನಲ್ಲಿ ಹಾಯಿಸಿಬಿಟ್ಟರೆ ಆಗದೇ? ಆಗುತ್ತದೆ. ಆದರೆ ಲೆಕ್ಕ ಹಾಕಬೇಕು. ಒಂದು ಘನಮೀಟರ್ ಅನಿಲದಲ್ಲಿರುವ ಇಂಗಾಲಾಮ್ಲವನ್ನು ಪೂರ್ತಿ ಹಿಡಿಯಲು ಸುಮಾರು 1¼ ಕಿಲೋ ಅರಳಿದ ಸುಣ್ಣ ಬೇಕು. ದಿನಕ್ಕೆ 2 ಘನಮೀಟರ್ ಕೊಡುವ ಸಂಸಾರಸ್ಥರ ಗುಂಡಿಗೆ ದಿನವಹಿ ಎರಡೂವರೆ ಕಿಲೋ. ಆ ಸುಣ್ಣ ಎಲ್ಲಿಂದ ಬರುತ್ತದೆ? ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಗೂಡಿನಲ್ಲಿ ಸುಟ್ಟು. ಸುಡುವಾಗ ಹೊರಹೋಗುವುದು ಯಾವುದು? ಅದೇ ಇಂಗಾಲಾಮ್ಲ, ಅಷ್ಟೇ ಪ್ರಮಾಣದಲ್ಲಿ. ಸುಟ್ಟ ಕಟ್ಟಿಗೆಯದೋ ಕಲ್ಲಿದ್ದಲಿನದೋ ಮೇಲೆ ಬೇರೆ. ಎಲೆಗೆ ಸವರುವ ಸುಣ್ಣಕ್ಕೆ ಈ ಲೆಕ್ಕ ಬೇಡ. ಇಂಧನದ ವಿಷಯದಲ್ಲಿ ಬೇಕೇ ಬೇಕು. ಪ್ರಯೋಗಶಾಲೆಯ ಮೇಜಿನ ಮೇಲೆ ಚೆಂದವಾಗಿ ಕಾಣುವ ಉಪಾಯಗಳೆಲ್ಲ ಊರಿಗೆ ಒಗ್ಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಸುಣ್ಣವನ್ನು ಬಿಟ್ಟು ಬರಿಯ ನೀರನ್ನು ನೋಡೋಣ. ಜಾತ್ರೆಯಲ್ಲಿ ಗೋಲಿ ಸೋಡ ಕುಡಿದವರಿಗೆ ಇದರ ತತ್ತ್ವ ಆಗಲೇ ಗೊತ್ತಿದೆ. ಸೋಡದಲ್ಲಿರುವುದು ಒತ್ತಡದಿಂದ ನೀರಿನಲ್ಲಿ ಕರಗಿಸಿದ ಇಂಗಾಲಾಮ್ಲ. ಗೋಲಿಯನ್ನು ಒಳಕ್ಕೆ ಒತ್ತಿದೊಡನೆ ಒತ್ತಡ ಇಳಿಯುತ್ತದೆ, ಕರಗಿದ್ದ ವಾಯು ಬುಸ್ಸೆಂದು ಹೊರಬೀಳುತ್ತದೆ. ಅನಿಲವೊಂದು ದ್ರವದಲ್ಲಿ ಎಷ್ಟು ಕರಗುವುದೆಂಬುದು ಅದರ ಮೇಲಿನ ಒತ್ತಡಕ್ಕೆ ಅನುಗುಣವಾಗಿರುತ್ತದೆ ಎಂಬ ನಿಯಮವನ್ನು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ 1803ರಲ್ಲಿ ನಿರೂಪಿಸಿದನು. ನಮ್ಮ ಅದೃಷ್ಟವೆಂದರೆ, ಮೀಥೇನಿಗೂ ನೀರಿಗೂ ಅಷ್ಟಕ್ಕಷ್ಟೆ. ಒಂದೇ ಒತ್ತಡದಲ್ಲಿ ಇಂಗಾಲಾಮ್ಲ ಅದಕ್ಕಿಂತ ಸುಮಾರು 25 ಪಟ್ಟು ಹೆಚ್ಚಾಗಿ ನೀರಿನಲ್ಲಿ ಕರಗುತ್ತದೆ. ಈ ಒಂದು ವ್ಯತ್ಯಾಸವನ್ನೇ ಹಿಡಿದುಕೊಂಡು ಜಗತ್ತಿನ ಎಷ್ಟೋ ಊರುಗಳಲ್ಲಿ ದೊಡ್ಡ ದೊಡ್ಡ ಯಂತ್ರಗಳು ನಡೆಯುತ್ತಿವೆ.

ಅಂಥ ಯಂತ್ರದಲ್ಲಿ ಎತ್ತರವಾದ ಕಂಬದಂಥ ಒಂದು ಗೋಪುರ. ಅದರೊಳಗೆ ಚಿಕ್ಕ ಚಿಕ್ಕ ಉಂಗುರಗಳನ್ನೋ ಬಳೆಚೂರಿನಂಥ ತುಂಡುಗಳನ್ನೋ ಸಡಿಲವಾಗಿ ತುಂಬಿರುತ್ತಾರೆ. ನೀರು ಮೇಲಿನಿಂದ ಈ ತುಂಡುಗಳ ಮೈ ನೆನೆಸುತ್ತ ತೆಳ್ಳಗೆ ಇಳಿಯುತ್ತದೆ. ವಾತಾವರಣದ 6ರಿಂದ 10 ಪಟ್ಟು ಒತ್ತಡದಲ್ಲಿರುವ ಅನಿಲ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಇಬ್ಬರೂ ಎದುರುಬದುರಾಗಿ ನಡೆಯುವುದರಲ್ಲಿಯೇ ಜಾಣತನವಿದೆ. ಮೇಲೆ ತಲಪಿದ, ಬಹುಮಟ್ಟಿಗೆ ಶುದ್ಧವಾದ ಅನಿಲಕ್ಕೆ ಎದುರಾಗುವುದು ಇನ್ನೂ ಏನನ್ನೂ ಹೀರದ ಹೊಸ ನೀರು. ಅಳಿದುಳಿದ ಇಂಗಾಲಾಮ್ಲವನ್ನೂ ಅದು ಹೀರಿಬಿಡುತ್ತದೆ. ಗೋಪುರದ ತುದಿಯಿಂದ ಹೊರಬರುವ ಅನಿಲದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮೀಥೇನ್ ಇರುವಂತೆ ಮಾಡಬಹುದು. ಬುಡದಲ್ಲಿ ಸಂಗ್ರಹವಾಗುವುದು ಒಂದು ಬಗೆಯ ಸೋಡವೇ, ಕುಡಿಯಲು ಬಾರದ ಸೋಡ.

ಒತ್ತಡವೇಕೆ ಬೇಕು? ಒತ್ತಡವಿಲ್ಲದೆ ಒಂದು ಘನಮೀಟರ್ ಅನಿಲವನ್ನು ತೊಳೆಯಲು, ಲೆಕ್ಕದ ಪ್ರಕಾರವೇ, ಸುಮಾರು 1,200 ಲೀಟರ್ ನೀರು ಬೇಕು. ಒತ್ತಡವನ್ನು ಹತ್ತು ಪಟ್ಟು ಮಾಡಿದರೆ 120 ಲೀಟರ್ ಸಾಕು. ನಡೆಸುವಾಗ ಇದಕ್ಕಿಂತ ಸ್ವಲ್ಪ ಹೆಚ್ಚೇ ಬೇಕಾಗುತ್ತದೆನ್ನಿ. ತಣ್ಣೀರಾದರೆ ಇನ್ನೂ ಕಡಿಮೆ. ನಮ್ಮ ಬಿರುಬೇಸಿಗೆಯ ಊರುಗಳಲ್ಲಿ ಹೆಚ್ಚು. ಆ ನೀರನ್ನು ಚೆಲ್ಲುವುದಿಲ್ಲ. ಇನ್ನೊಂದು ಗೋಪುರದಲ್ಲಿ ಒತ್ತಡ ಇಳಿಸಿ ಗಾಳಿಯಾಡಿಸಿದರೆ ಇಂಗಾಲಾಮ್ಲ ಹಾರಿಹೋಗಿ ನೀರು ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತದೆ. ಈ ಎರಡು ಗೋಪುರಗಳ ನಡುವೆ ಒಂದು ತೊಟ್ಟಿಯನ್ನು ಇಟ್ಟಿರುತ್ತಾರೆ. ನೀರಿನೊಡನೆ ತಪ್ಪಿಸಿಕೊಂಡು ಬಂದ ಅಷ್ಟಿಷ್ಟು ಮೀಥೇನ್ ಅಲ್ಲಿ, ಒತ್ತಡ ಅರ್ಧ ಇಳಿದಾಗ, ಮೊದಲು ಹೊರಬರುತ್ತದೆ; ಅದನ್ನು ಹಿಡಿದು ಮತ್ತೆ ಮೊದಲಿಗೆ ಕಳುಹಿಸುತ್ತಾರೆ. ಇಷ್ಟೆಲ್ಲ ನಡೆಸಲು ಒಂದು ಘನಮೀಟರ್ ಅನಿಲಕ್ಕೆ ಸುಮಾರು ಕಾಲು ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಆ ಅನಿಲದಲ್ಲಿರುವ ಶಾಖ ಸುಮಾರು 6 ಯೂನಿಟ್ಟಿಗೆ ಸಮ. ಆದ್ದರಿಂದ ಈ ವ್ಯಾಪಾರದಲ್ಲಿ ಅಸಲಿಗೆ ಮೋಸವಿಲ್ಲ.

ನೀರಲ್ಲದೆ ಬೇರೆ ದಾರಿಗಳೂ ಇವೆ. ಇಂಗಾಲಾಮ್ಲದ ಅಣು ಮೀಥೇನಿನ ಅಣುವಿಗಿಂತ ಒಂದಿಷ್ಟು ಸಪೂರ: ಒಂದು 3.3 ಆಂಗ್‌ಸ್ಟ್ರಾಂ, ಇನ್ನೊಂದು 3.8. ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ಇಷ್ಟು ಕಿರಿದಾದ ಅಂತರಕ್ಕೂ ಜರಡಿಯಿದೆ! ವಿಶೇಷವಾಗಿ ಸಿದ್ಧಪಡಿಸಿದ ಇದ್ದಿಲಿನ ರಂಧ್ರಗಳಲ್ಲಿ ಇಂಗಾಲಾಮ್ಲ ಬೇಗ ನುಗ್ಗುತ್ತದೆ, ಮೀಥೇನ್ ನುಗ್ಗಲು ಹೆಣಗುತ್ತದೆ. ಒತ್ತಡ ಹಾಕಿ ನುಗ್ಗಿಸುವುದು, ಒತ್ತಡ ಇಳಿಸಿ ಹೊರದೂಡುವುದು, ಹೀಗೆ ಹಲವು ಕೋಶಗಳು ಸರದಿಯ ಮೇಲೆ ಉಸಿರಾಡುತ್ತಿರುತ್ತವೆ. ಕೂದಲೆಳೆಯಂಥ ಟೊಳ್ಳು ನೂಲುಗಳ ಮೂಲಕ ಸೋಸುವ ವಿಧಾನವೂ ಇದೆ. ಅಲ್ಲಿ ಇಂಗಾಲಾಮ್ಲ ನೂಲಿನ ಗೋಡೆಯನ್ನು ದಾಟಿ ಹೊರಗಾಗುತ್ತದೆ, ಮೀಥೇನ್ ಒಳಗೇ ಉಳಿದು ಮುಂದೆ ಸಾಗುತ್ತದೆ. ಅಮೀನ್ ಎಂಬ ರಾಸಾಯನಿಕದ ನೀರಿನಲ್ಲಿ ಹೀರಿಸಿ ಅನಂತರ ಕಾಯಿಸಿ ಬಿಡಿಸುವ ಕ್ರಮ ಎಲ್ಲಕ್ಕಿಂತ ಚೊಕ್ಕಟ. ಅದಕ್ಕೆ 1930ರಷ್ಟು ಹಿಂದೆಯೇ ಅಮೆರಿಕದಲ್ಲಿ ಪೇಟೆಂಟು ಆಗಿತ್ತು. ಆದರೆ ಕಾಯಿಸಲು ಶಾಖ ಬೇಕು. ತೀವ್ರವಾಗಿ ತಣಿಸಿ ಇಂಗಾಲಾಮ್ಲವನ್ನು ಹೆಪ್ಪುಗಟ್ಟಿಸುವುದು ಶ್ರೀಮಂತರ ದಾರಿ.

ಇವುಗಳಲ್ಲಿ ನನ್ನ ಒಲವು ನೀರಿನ ಕಡೆಗೆ. ನೀರು ಕೆಟ್ಟರೆ ಬದಲಾಯಿಸಬಹುದು. ಪಂಪು ಕೆಟ್ಟರೆ ಪಕ್ಕದ ಪಟ್ಟಣದ ಮೆಕ್ಯಾನಿಕ್ ಕೂಡ ಸರಿಮಾಡುತ್ತಾನೆ. ದೆಹಲಿಯ ಐ.ಐ.ಟಿ.ಯಲ್ಲಿ ಪ್ರೊಫೆಸರ್ ವೀರೇಂದ್ರ ಕುಮಾರ್ ವಿಜಯ್ ಅವರ ತಂಡ ಗೋಶಾಲೆಯ ಅಳತೆಗೆ ಒಗ್ಗುವಂಥ ಯಂತ್ರಗಳಿಗೆ ಆರಿಸಿಕೊಂಡದ್ದೂ ನೀರಿನ ವಿಧಾನವನ್ನೇ. ಸ್ವೀಡನ್ನಿನ ಲಿಂಶೋಪಿಂಗ್ ಎಂಬ ಊರಿನ ಬಸ್ಸುಗಳು 1990ರ ದಶಕದಿಂದ ಹೀಗೆ ಶುದ್ಧಮಾಡಿದ ಅನಿಲದಿಂದ ಓಡುತ್ತಿವೆ. 2005ರಲ್ಲಿ ಅಲ್ಲಿಂದ ಒಂದು ರೈಲನ್ನೂ ಓಡಿಸಿದರು. ನಮ್ಮ ಇಂದೋರಿನಲ್ಲಿ 2022ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಸ್ಥಾವರವನ್ನು ದಿನಕ್ಕೆ 550 ಟನ್ ಹಸಿ ಕಸದಿಂದ 17 ಟನ್ ಇಂಧನ ತೆಗೆಯುವಂತೆ ರಚಿಸಲಾಗಿದೆ. ನಗರದ ಬಸ್ಸುಗಳಿಗೆ ಅದು ಸಲ್ಲುತ್ತದೆ. ಮನೆಮನೆಯಲ್ಲಿ ಹಸಿ ಕಸ, ಒಣ ಕಸಗಳನ್ನು ಬೇರೆ ಮಾಡುವ ಅಭ್ಯಾಸ ಆ ಊರಿಗೆ ಮೊದಲೇ ಇತ್ತೆಂಬುದನ್ನು ಮರೆಯಬಾರದು. ಅನಿಲವನ್ನು ಆರಿಸುವ ಮುಂಚೆ ಕಸವನ್ನು ಆರಿಸಬೇಕು.

ಭಾರತೀಯ ಮಾನಕ ಸಂಸ್ಥೆಯ ನಿಯಮದ ಪ್ರಕಾರ ಇಂಥ ಇಂಧನದಲ್ಲಿ ಮೀಥೇನ್ ನೂರಕ್ಕೆ 90ಕ್ಕಿಂತ ಕಡಿಮೆಯಿರಕೂಡದು, ಇಂಗಾಲಾಮ್ಲ 4ನ್ನು ಮೀರಕೂಡದು. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ‘ಸತತ್’ ಎಂಬ ಯೋಜನೆಯನ್ನು ಸಾರಿ, 2023ರ ವೇಳೆಗೆ 5,000 ಸ್ಥಾವರಗಳೆಂಬ ಗುರಿಯನ್ನಿಟ್ಟಿತು. ಅವಧಿ ಮುಗಿದಾಗ ನಡೆಯುತ್ತಿದ್ದವು ಆ ಗುರಿಯ ಸಣ್ಣದೊಂದು ಅಂಶ ಮಾತ್ರ. ಯಂತ್ರ ದೊರೆಯದೆ ಹೀಗಾಯಿತೆಂದು ನನಗನ್ನಿಸುವುದಿಲ್ಲ. ಯಂತ್ರಕ್ಕೆ ದಿನವೂ ತಪ್ಪದೆ ಸಗಣಿಯನ್ನೋ ಹುಲ್ಲನ್ನೋ ಕಸವನ್ನೋ ಒದಗಿಸುವುದು, ಉಳಿದ ಬಗ್ಗಡವನ್ನು ಹೊಲಗಳಿಗೆ ಮುಟ್ಟಿಸುವುದು, ಇವು ರಸಾಯನಶಾಸ್ತ್ರದ ಪ್ರಶ್ನೆಗಳಲ್ಲ. ಪುರದ ಮಾತು ನೆನಪಿಡಿ ಎಂದು ಹೇಳಿದ್ದು ಇದಕ್ಕಾಗಿಯೇ. ಹತ್ತು ಹಳ್ಳಿಯ ಸಗಣಿ ಲಾರಿಯಲ್ಲಿ ಪೇಟೆಯ ಸ್ಥಾವರಕ್ಕೆ ಹೋಗಿ ಗೊಬ್ಬರ ಹಿಂದಿರುಗದಿದ್ದರೆ, ಬಸ್ಸು ಓಡುತ್ತದೆ, ಹೊಲ ಬಡವಾಗುತ್ತದೆ. ಸಾರಜನಕವೂ ರಂಜಕವೂ ಅನಿಲದಲ್ಲಿ ಹೋಗುವುದಿಲ್ಲ, ಬಗ್ಗಡದಲ್ಲಿಯೇ ಉಳಿಯುತ್ತವೆ; ಅದು ಯಾರ ಹೊಲಕ್ಕೆ ಸೇರುತ್ತದೆ ಎಂಬುದೇ ಮುಖ್ಯ.

ಇನ್ನೊಂದು ಲೆಕ್ಕವನ್ನೂ ಹೇಳಬೇಕು. ಬೇರ್ಪಡಿಸಿದ ಇಂಗಾಲಾಮ್ಲ ಗಾಳಿಗೆ ಹೋಗುತ್ತದಲ್ಲ, ಅದು ದೋಷವಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ; ಅದು ಹೋದ ವರ್ಷದ ಹುಲ್ಲು ಗಾಳಿಯಿಂದಲೇ ಪಡೆದ ಸಾಲ, ಹಿಂದಿರುಗಿತು, ಅಷ್ಟೆ. ಹೆದರಬೇಕಾದದ್ದು ಮೀಥೇನಿನ ಸೋರಿಕೆಗೆ. ನೂರು ವರ್ಷಗಳ ಲೆಕ್ಕದಲ್ಲಿ ತೂಕಕ್ಕೆ ತೂಕ ಅದು ಇಂಗಾಲಾಮ್ಲಕ್ಕಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. 100 ಕಿಲೋ ಮೀಥೇನ್ ಉತ್ಪಾದಿಸುವ ಸ್ಥಾವರದಲ್ಲಿ 5 ಕಿಲೋ ಸೋರಿತೆನ್ನಿ. ಉಳಿದ 95 ಕಿಲೋ ನೆಲದಡಿಯ ನೈಸರ್ಗಿಕ ಅನಿಲದ ಸ್ಥಾನದಲ್ಲಿ ಉರಿದರೆ ಉಳಿತಾಯವಾಗುವುದು ಸುಮಾರು 260 ಕಿಲೋ ಇಂಗಾಲಾಮ್ಲ. ಸೋರಿದ 5 ಕಿಲೋ ಮಾಡುವ ಕೇಡು 140 ಕಿಲೋಗೆ ಸಮ. ಅರ್ಧಕ್ಕಿಂತ ಹೆಚ್ಚು ಪುಣ್ಯ ಸೋರಿಯೇ ಹೋಯಿತು! ನೂರಕ್ಕೆ ಒಂಬತ್ತು ಸೋರಿದರೆ ಆ ಲಾಭವೆಲ್ಲ ಸೊನ್ನೆ. ಚೆನ್ನಾಗಿ ನಡೆಸುವ ಸ್ಥಾವರಗಳಲ್ಲಿ ಈ ನಷ್ಟ ನೂರಕ್ಕೆ ಒಂದೆರಡನ್ನು ಮೀರುವುದಿಲ್ಲ. ನಡುವಿನ ಆ ತೊಟ್ಟಿಗೆ ಇಷ್ಟು ಮಹತ್ವ ಬಂದದ್ದು ಇದರಿಂದಲೇ.

ತೋಟದ ಮನೆಯ ಗುಂಡಿಗೂ ಇದನ್ನೆಲ್ಲ ಜೋಡಿಸಬಹುದೇ ಎಂದು ಯಾರಾದರೂ ಕೇಳಿದರೆ, ಬೇಡವೆಂದೇ ನನ್ನ ಉತ್ತರ. ನಾಲ್ಕೈದು ದನಗಳ 50 ಕಿಲೋ ಸಗಣಿಯಿಂದ ದಿನಕ್ಕೆ ಹುಟ್ಟುವ 2 ಘನಮೀಟರ್ ಅನಿಲದಲ್ಲಿ ಮೀಥೇನ್ ಒಂದು ಕಿಲೋ ಕೂಡ ಇರುವುದಿಲ್ಲ. ಅದಕ್ಕಾಗಿ ಒತ್ತಡದ ಯಂತ್ರವನ್ನು ತಂದರೆ ದಿನದ ಬಹುಪಾಲು ಅದು ಸುಮ್ಮನೆ ನಿಂತಿರುತ್ತದೆ. ಅಲ್ಲಿ ಬೇಕಾದದ್ದು ತುಕ್ಕಿನ ಚೂರುಗಳ ಒಂದು ಚಿಕ್ಕ ಡಬ್ಬಿ, ಕೊಳವೆಯ ತಗ್ಗಿನಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಬಸಿಯಲು ಒಂದು ನಲ್ಲಿ, ಮತ್ತು ಆಗಾಗ ಕೊಳವೆಯ ಕೀಲುಗಳಿಗೂ ಗುಮ್ಮಟದ ಮೇಲಿನ ಕವಾಟಕ್ಕೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು. ಗುಳ್ಳೆ ಎದ್ದ ಕಡೆ ಆ ದಿನವೇ ಕೀಲನ್ನು ಬಿಗಿಸಬೇಕು.